ಹಡಗಿನ ಅಡುಗೆಮನೆಯೂ ತರಕಾರಿಯ ಸತ್ತ್ವವೂ

1498ನೆಯ ಇಸವಿಯ ಅಕ್ಟೋಬರ್ 5ರಂದು ವಾಸ್ಕೋ ಡ ಗಾಮನ ಹಡಗುಗಳು ಕಾರವಾರದ ಸಮೀಪದಲ್ಲಿರುವ ಅಂಜದೀವ ದ್ವೀಪವನ್ನು ಬಿಟ್ಟು ಆಫ್ರಿಕದ ಕಡೆಗೆ ಹೊರಟವು. ಬರುವಾಗ ನೈಋತ್ಯ ಮಾರುತದ ಬಲದಿಂದ ನಾಲ್ಕು ವಾರಗಳೊಳಗೆ ದಾಟಿದ್ದ ಆ ಸಮುದ್ರವನ್ನು ಹಿಂದಿರುಗುವಾಗ ದಾಟುವುದಕ್ಕೆ ಮೂರು ತಿಂಗಳು ಹಿಡಿಯಿತು. ಈಶಾನ್ಯ ಮಾರುತವು ನೆಲೆಗೊಳ್ಳುವ ಮೊದಲೇ ಅವರು ಹೊರಟುಬಿಟ್ಟಿದ್ದರು. ನಡುಗಡಲಿನಲ್ಲಿ ನಾವಿಕರ ವಸಡುಗಳು ಊದಿಕೊಂಡು ಹಲ್ಲುಗಳನ್ನು ಮುಚ್ಚಿದವು, ಕಾಲುಗಳು ಬಾತವು, ಮೂವತ್ತು ಮಂದಿ ಸತ್ತರು. 1499ರ ಜನವರಿಯಲ್ಲಿ ಆಫ್ರಿಕದ ತೀರ ಕಣ್ಣಿಗೆ ಬಿದ್ದಾಗ ಒಂದೊಂದು ಹಡಗಿನಲ್ಲಿಯೂ ಕೆಲಸಕ್ಕೆ ಶಕ್ತರಾಗಿ ಉಳಿದಿದ್ದವರು ಏಳೆಂಟು ಜನ ಮಾತ್ರ. ನಡೆಸುವ ಕೈಗಳು ಸಾಲದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು.

ಈ ರೋಗವೇ ಸ್ಕರ್ವಿ. ಮಾಲಿಂದಿಯನ್ನು ಮುಟ್ಟಿದೊಡನೆಯೇ ರೋಗಿಗಳು ಕಿತ್ತಳೆಹಣ್ಣಿಗಾಗಿ ಹಂಬಲಿಸಿದರೆಂದೂ ಹಣ್ಣು ತರಲು ದಡಕ್ಕೆ ಆಳನ್ನು ಕಳುಹಿಸಲಾಯಿತೆಂದೂ ಆ ಯಾನದ ದಿನಚರಿಯಿಂದ ತಿಳಿದುಬರುತ್ತದೆ. ಎಂದರೆ, ಹಣ್ಣು ಹಸುರು ಪದಾರ್ಥಗಳಿಂದ ಈ ರೋಗ ಗುಣವಾಗುವುದೆಂಬ ಅರಿವು ಹದಿನೈದನೆಯ ಶತಮಾನದ ಸಾಮಾನ್ಯ ನಾವಿಕನಿಗೂ ಇದ್ದಿತು. ಹಾಗಿದ್ದ ಮೇಲೆ ಮುಂದಿನ ನಾಲ್ಕು ನೂರು ವರ್ಷಗಳ ಕಾಲ ಅದೇ ರೋಗದಿಂದ ಜನ ಸಾಯುತ್ತ ಬಂದುದೇಕೆ? ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಲಿರುವ ಪ್ರಶ್ನೆ ಇದು. ಅಜ್ಞಾನವೆಂಬ ಉತ್ತರ ನಮಗೆ ಸಾಲದೆಂದು ತೋರುತ್ತದೆ. ತರಕಾರಿಯ ಗುಣ ತಿಳಿದಿತ್ತು. ಆ ಗುಣವು ಯಾವ ಪಾಕದಲ್ಲಿ, ಯಾವ ಬಗೆಯ ಸಂಗ್ರಹದಲ್ಲಿ ಉಳಿಯುತ್ತದೆ, ಯಾವುದರಲ್ಲಿ ನಾಶವಾಗುತ್ತದೆ ಎಂಬುದು ತಿಳಿದಿರಲಿಲ್ಲ.

ಮೊದಲು ರೋಗದ ಕಾರಣವನ್ನು ಸಂಕ್ಷೇಪವಾಗಿ ಹೇಳಬೇಕು. ‘ಸಿ’ ಜೀವಸತ್ತ್ವವನ್ನು ಬಹುಪಾಲು ಪ್ರಾಣಿಗಳು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯ, ಕಪಿಗಳು, ಗಿನಿಯಿಲಿ ಮೊದಲಾದ ಕೆಲವಕ್ಕೆ ಮಾತ್ರ ಆ ಶಕ್ತಿಯಿಲ್ಲ. ದೇಹದಲ್ಲಿರುವ ಸಂಗ್ರಹವು ಎರಡು ಮೂರು ತಿಂಗಳಲ್ಲಿ ಕರಗಿಹೋಗುತ್ತದೆ. ಆಮೇಲೆ ಅಂಗಾಂಶಗಳನ್ನು ಹಿಡಿದು ನಿಲ್ಲಿಸುವ ತಂತುಗಳು ಸಡಿಲಗೊಂಡು, ರಕ್ತ ಒಸರಿ, ಹಳೆಯ ಗಾಯಗಳೂ ಬಾಯಿಬಿಡುತ್ತವೆ. ಮಾರುತವನ್ನು ಅನುಸರಿಸಿ ಕೆಲವೇ ವಾರಗಳಲ್ಲಿ ಅರಬೀ ಸಮುದ್ರವನ್ನು ದಾಟುತ್ತಿದ್ದ ಗುಜರಾತಿನ ಮತ್ತು ಅರಬ್ಬೀ ವರ್ತಕರಿಗೆ ಈ ಅವಧಿಯನ್ನು ಮುಟ್ಟುವ ಪ್ರಸಂಗ ವಿರಳವಾಗಿದ್ದಿರಬೇಕು. ಯೂರೋಪಿನಿಂದ ಬಂದವರ ಯಾನಗಳು ಈ ಮಿತಿಯನ್ನು ಮೀರಿದವು.

ಈ ಇಕ್ಕಟ್ಟಿಗೆ ಡಚ್ಚರು ಕಂಡುಕೊಂಡ ಪರಿಹಾರ ಕಾಯಿಪಲ್ಯದ ತೋಟ. ಹಾಲೆಂಡಿನಿಂದ ಜಾವಾದ್ವೀಪದ ಬಟೇವಿಯಕ್ಕೆ ಹೋಗುವ ದಾರಿ ಆರೆಂಟು ತಿಂಗಳಿನದು. ಅದರ ನಡುವೆ, ಆಫ್ರಿಕದ ದಕ್ಷಿಣ ತುದಿಯ ಗುಡ್‌ಹೋಪ್ ಭೂಶಿರದಲ್ಲಿ, 1652ರ ಏಪ್ರಿಲ್‌ನಲ್ಲಿ ಯಾನ್ ವಾನ್ ರೀಬೇಕ್ ಎಂಬಾತನು ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಬಂದಿಳಿದನು. ಹಾದುಹೋಗುವ ಹಡಗುಗಳಿಗೆ ನೀರು, ಮಾಂಸ, ತರಕಾರಿಗಳನ್ನು ಒದಗಿಸುವುದೇ ಅವನಿಗೆ ಒಪ್ಪಿಸಿದ್ದ ಕಾರ್ಯ; ದೇಶವನ್ನು ಗೆಲ್ಲುವುದಲ್ಲ. ಆದರೆ ತೋಟಕ್ಕೆ ನೆಲ ಬೇಕು, ನೆಲಕ್ಕೆ ದುಡಿಯುವವರು ಬೇಕು. 1657ರಲ್ಲಿ ಕಂಪನಿಯ ನೌಕರರಲ್ಲಿ ಕೆಲವರಿಗೆ ಭೂಮಿಯನ್ನು ಕೊಟ್ಟು ಸ್ವತಂತ್ರ ರೈತರನ್ನಾಗಿ ಮಾಡಲಾಯಿತು. ಆ ಹುಲ್ಲುಗಾವಲುಗಳಲ್ಲಿ ತಲೆಮಾರುಗಳಿಂದ ದನ ಮೇಯಿಸುತ್ತಿದ್ದ ಖೋಯ್‌ಖೋಯ್ ಜನರೊಡನೆ 1659ರಲ್ಲಿ ಯುದ್ಧವೇ ಆಯಿತು. ದಕ್ಷಿಣ ಆಫ್ರಿಕದಲ್ಲಿ ಯೂರೋಪಿಯನರ ಒಡೆತನ ಕೋಸು ಮೂಲಂಗಿಗಳ ಮಡಿಗಳಿಂದ ಆರಂಭವಾಯಿತೆಂದರೆ ಅತಿಶಯೋಕ್ತಿಯಾಗಲಾರದು. ಕಂಪನಿಯ ಆ ತೋಟ ಕೇಪ್‌ಟೌನ್ ನಗರದ ನಡುವೆ ಇಂದಿಗೂ ಉದ್ಯಾನವಾಗಿ ಉಳಿದಿದೆ. ಸಾಮ್ರಾಜ್ಯಗಳ ಚರಿತ್ರೆಯನ್ನು ಸಂಬಾರಪದಾರ್ಥಗಳಿಂದ ತೊಡಗುವ ನಮ್ಮ ಪಠ್ಯಪುಸ್ತಕಗಳು ಈ ಕೋಸಿನ ಮಡಿಗಳನ್ನು ಏಕೆ ಮರೆಯುತ್ತವೆಯೋ ತಿಳಿಯದು.

ಇಂಗ್ಲಿಷರ ಅನುಭವ ಬೇರೆ ತೆರನಾದುದು. 1740ರಲ್ಲಿ ಆನ್ಸನ್ ಎಂಬ ನೌಕಾಧಿಪತಿಯೊಡನೆ ಹೊರಟ ಸುಮಾರು 1,900 ಮಂದಿಯಲ್ಲಿ 1,300ಕ್ಕೂ ಹೆಚ್ಚು ಜನ ರೋಗಗಳಿಗೆ, ಅದರಲ್ಲಿಯೂ ಮುಖ್ಯವಾಗಿ ಸ್ಕರ್ವಿಗೆ, ತುತ್ತಾದರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿಗಳಾಗಿ ವಿಂಗಡಿಸಿ ಒಂದೊಂದು ಜೋಡಿಗೆ ಒಂದೊಂದು ಔಷಧವನ್ನು ಕೊಟ್ಟು ನೋಡಿದನು. ಕಿತ್ತಳೆ ಮತ್ತು ಗಜನಿಂಬೆಯನ್ನು ತಿಂದ ಜೋಡಿ ಆರೇ ದಿನಗಳಲ್ಲಿ ಚೇತರಿಸಿಕೊಂಡಿತು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಈ ಪ್ರಯೋಗ ಪ್ರಸಿದ್ಧವಾದುದು. ಇದನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಅನಂತರ ನಡೆದುದನ್ನು ಮಾತ್ರ ಗಮನಿಸಬೇಕು. ಹಣ್ಣುಗಳು ಹಡಗಿನಲ್ಲಿ ಕೊಳೆಯುತ್ತವೆಯಾದುದರಿಂದ ಅವುಗಳ ರಸವನ್ನು ಬಿಸಿಮಾಡಿ, ಗಟ್ಟಿಯಾಗುವಂತೆ ಇಂಗಿಸಿ, ಸೀಸೆಗಳಲ್ಲಿ ತುಂಬಿಡಬೇಕೆಂದು ಅವನು ಸಲಹೆಮಾಡಿದನು. ಹಾಗೆ ಗಂಟೆಗಟ್ಟಲೆ ಕಾಯಿಸಿದ ರಸದಲ್ಲಿ ಸತ್ತ್ವದ ಹೆಚ್ಚಿನ ಭಾಗ ಹೋಗಿಬಿಟ್ಟಿತು. ಆ ಪಾಕವನ್ನು ಸೇವಿಸಿಯೂ ರೋಗಿಗಳು ಗುಣಹೊಂದದಿದ್ದಾಗ, ಹಣ್ಣಿನಲ್ಲಿಯೇ ಗುಣವಿಲ್ಲವೆಂದು ಬಲ್ಲವರು ತೀರ್ಮಾನಿಸಿದರು.

ಕ್ಯಾಪ್ಟನ್ ಕುಕ್ ಅವಲಂಬಿಸಿದ ಮಾರ್ಗ ಇದಕ್ಕಿಂತ ಉತ್ತಮವಾಗಿತ್ತು. 1768ರಲ್ಲಿ ಹೊರಟ ಅವನ ‘ಎಂಡೆವರ್’ ಹಡಗಿನಲ್ಲಿ 7,860 ಪೌಂಡು, ಎಂದರೆ ಸುಮಾರು 3,500 ಕಿಲೋಗ್ರಾಂ ಹುಳಿಗೋಸು ಇತ್ತು. ಜರ್ಮನರು ಸೌಅರ್‌ಕ್ರೌಟ್ ಎಂದು ಕರೆಯುವ ಇದನ್ನು ಮಾಡುವ ಕ್ರಮ ಸರಳವಾದುದು. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ನೂರು ಪಾಲಿಗೆ ಎರಡು ಮೂರು ಪಾಲು ಉಪ್ಪನ್ನು ಬೆರೆಸಿ, ಪೀಪಾಯಿಯಲ್ಲಿ ಒತ್ತಿ ತುಂಬಿ, ಮೇಲೆ ಭಾರವನ್ನಿಡುತ್ತಾರೆ. ಕೋಸು ತನ್ನ ನೀರನ್ನೇ ಬಿಟ್ಟುಕೊಂಡು ಅದರಲ್ಲಿ ಮುಳುಗುತ್ತದೆ, ಗಾಳಿ ಸೋಕುವುದಿಲ್ಲ. ಹಾಲನ್ನು ಮೊಸರಾಗಿಸುವ ಬಗೆಯ ಸೂಕ್ಷ್ಮಜೀವಿಗಳೇ ಅದನ್ನು ಹುಳಿಗೊಳಿಸುತ್ತವೆ. ಈ ಹುಳಿಯು ಕೊಳೆಯನ್ನು ತಡೆಯುವುದಲ್ಲದೆ ಜೀವಸತ್ತ್ವವನ್ನೂ ತಕ್ಕಮಟ್ಟಿಗೆ ಕಾಪಾಡುತ್ತದೆ. ಇಲ್ಲಿ ಒಲೆಯ ಪ್ರಸಕ್ತಿಯೇ ಇಲ್ಲವೆಂಬುದು ಮುಖ್ಯ. ಕೊರಿಯಾ ದೇಶದ ಕಿಮ್ಚಿಯೂ ಇದೇ ವರ್ಗಕ್ಕೆ ಸೇರಿದುದು. ಚಳಿಗಾಲದಲ್ಲಿ ಹಸುರು ಕಾಣದ ನಾಡುಗಳು ಬೇರೆಬೇರೆಯಾಗಿ ಒಂದೇ ಉಪಾಯಕ್ಕೆ ಬಂದು ಸೇರಿದುದು ಸ್ವಾರಸ್ಯವಾಗಿದೆ.

ನಾವಿಕರು ಈ ಹೊಸ ಪದಾರ್ಥವನ್ನು ಮೊದಲು ಮುಟ್ಟಲಿಲ್ಲ. ಕುಕ್ ಅದನ್ನು ಪ್ರತಿದಿನವೂ ಅಧಿಕಾರಿಗಳ ಮೇಜಿಗೆ ಬಡಿಸುವಂತೆ ಮಾಡಿ, ಉಳಿದವರು ಇಷ್ಟವಿದ್ದರೆ ತಿನ್ನಬಹುದೆಂದು ಬಿಟ್ಟುಬಿಟ್ಟನು. ಒಂದು ವಾರ ಕಳೆಯುವುದರೊಳಗೆ ಎಲ್ಲರೂ ಕೇಳತೊಡಗಿದರು. ಕೊನೆಗೆ ಪಾಲು ಕಟ್ಟಬೇಕಾಯಿತು. ಇದಲ್ಲದೆ ದಡ ಸಿಕ್ಕಿದಲ್ಲೆಲ್ಲ ಕಾಡುಸೊಪ್ಪುಗಳನ್ನು ಕೀಳಿಸಿ ಬೇಯಿಸಿ ಹಾಕಿಸುತ್ತಿದ್ದನು. ಆ ಯಾನದಲ್ಲಿ ಬಟೇವಿಯವನ್ನು ಮುಟ್ಟಿದ ಮೇಲೆ ಜ್ವರ ಅತಿಸಾರಗಳಿಂದ ಅನೇಕರು ಸತ್ತರೂ ಸ್ಕರ್ವಿಯಿಂದ ಒಬ್ಬನೂ ಸಾಯಲಿಲ್ಲ. ಆದರೆ ಕುಕ್ ಹೆಚ್ಚಾಗಿ ಹೊಗಳಿದುದು ಮೊಳಕೆಬರಿಸಿ ಒಣಗಿಸಿದ ಬಾರ್ಲಿಯ ಕಷಾಯವನ್ನು; ಒಣಗಿಸುವಾಗ ಬಿಸಿ ತಾಗಿದ ಆ ಕಾಳಿನಲ್ಲಿ ಈ ಜೀವಸತ್ತ್ವ ಇಲ್ಲವೆನ್ನುವಷ್ಟು ಕಡಮೆ. ಫಲ ದೊರೆಯಿತು, ಕಾರಣ ಮಾತ್ರ ಕೈಗೆ ಸಿಕ್ಕಲಿಲ್ಲ.

ನೆಲದ ಮೇಲಿನ ಬಡವರಿಗೆ ಈ ಉಪಕಾರವನ್ನು ಮಾಡಿದುದು ಆಲೂಗಡ್ಡೆ. ಪೆರು ದೇಶದ ಬೆಟ್ಟಗಳಿಂದ ಬಂದ ಈ ಗಡ್ಡೆ ಉತ್ತರ ಯೂರೋಪಿನಲ್ಲಿ ನೆಲೆಯೂರಿದಂತೆಲ್ಲ ಚಳಿಗಾಲದ ಸ್ಕರ್ವಿ ಹಿಂದೆ ಸರಿಯಿತು. ನೂರು ಗ್ರಾಂ ಹಸಿ ಆಲೂಗಡ್ಡೆಯಲ್ಲಿ ಈ ಸತ್ತ್ವ ಸುಮಾರು 20 ಮಿಲಿಗ್ರಾಂ ಮಾತ್ರ. ಬೇಯಿಸಿದರೆ ಇನ್ನೂ ಕಡಮೆ. ಆದರೆ ಐರ್ಲೆಂಡಿನ ಕೂಲಿಗಾರ ದಿನಕ್ಕೆ ಕಿಲೋಗ್ರಾಂಗಟ್ಟಲೆ ಅದನ್ನೇ ತಿನ್ನುತ್ತಿದ್ದನು, ಅದೂ ಸಿಪ್ಪೆಸಹಿತ ಬೇಯಿಸಿ. 1845ರಿಂದ ಅಂಗಮಾರಿ ರೋಗ ಬೆಳೆಯನ್ನು ನಾಶಮಾಡಿದಾಗ ಸರ್ಕಾರ ಮುಸುಕಿನ ಜೋಳದ ಹಿಟ್ಟನ್ನು ತರಿಸಿ ಹಂಚಿತು. ಹೊಟ್ಟೆಗೆ ಹಿಟ್ಟು ದೊರೆತವರಲ್ಲಿಯೂ 1847ರ ವೇಳೆಗೆ ಸ್ಕರ್ವಿ ಕಾಣಿಸಿಕೊಂಡಿತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅರಿವು ಮತ್ತೆ ಹಿಂದಕ್ಕೆ ಹೋಯಿತು. 1795ರಿಂದ ಗಜನಿಂಬೆಯ ರಸವನ್ನು ಕೊಡುತ್ತಿದ್ದ ಬ್ರಿಟಿಷ್ ನೌಕಾಪಡೆಯು 1860ರ ದಶಕದಲ್ಲಿ ತನ್ನದೇ ವಸಾಹತುಗಳಾದ ವೆಸ್ಟ್ ಇಂಡೀಸಿನ ಸಣ್ಣ ನಿಂಬೆಗೆ ಬದಲಾಯಿಸಿತು. ಇದರ ರಸದ ಶಕ್ತಿ ಮೊದಲೇ ಬಹಳ ಕಡಮೆ. ಸಂಗ್ರಹಿಸಿಟ್ಟ ಮೇಲಂತೂ ಏನೂ ಉಳಿಯುತ್ತಿರಲಿಲ್ಲ. 1875ರಲ್ಲಿ ಉತ್ತರ ಧ್ರುವದ ಕಡೆಗೆ ಹೋದ ತಂಡ ಆ ರಸವಿದ್ದೂ ಸ್ಕರ್ವಿಗೆ ಈಡಾದಾಗ, ಕೆಟ್ಟ ಮಾಂಸದ ವಿಷವೇ ಕಾರಣವೆಂಬ ವಾದ ತಲೆಯೆತ್ತಿತು.

ಭಾರತೀಯ ವಾಚಕರು ಮುಖ್ಯವಾಗಿ ಗಮನಿಸಬೇಕಾದ ಪ್ರಕರಣ ಮೆಸಪೊಟೇಮಿಯದ್ದು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್‌ವರೆಗೆ ತುರ್ಕರು ಕೂಟ್ ಪಟ್ಟಣವನ್ನು ಮುತ್ತಿದ್ದಾಗ ಒಳಗಿದ್ದ ಸೈನ್ಯದಲ್ಲಿ ಎರಡು ರೋಗಗಳು ಎರಡು ಪಂಗಡಗಳನ್ನು ಹಿಡಿದವು. ಬಿಳಿಯ ಹಿಟ್ಟಿನ ರೊಟ್ಟಿಯನ್ನು ತಿನ್ನುತ್ತಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ಬೆರಿಬೆರಿ; ಗೋಧಿಯ ಆಟಾ ತಿನ್ನುತ್ತಿದ್ದ ಭಾರತೀಯರಲ್ಲಿ ಸ್ಕರ್ವಿ. ಬ್ರಿಟಿಷರಿಗೆ ಕುದುರೆಯ ತಾಜಾ ಮಾಂಸ ದೊರೆಯುತ್ತಿತ್ತು. ಭಾರತೀಯರು ಆಚಾರದ ಕಾರಣದಿಂದ ಬಹುಕಾಲ ಅದನ್ನು ಮುಟ್ಟಲಿಲ್ಲ. ಕೂಟಿನ ಹೊರಗೂ ಸ್ಥಿತಿ ಉತ್ತಮವಾಗಿರಲಿಲ್ಲ. ಆ ವರ್ಷ ಟೈಗ್ರಿಸ್ ತೀರದಲ್ಲಿ ಸಾವಿರಾರು ಭಾರತೀಯ ಸಿಪಾಯಿಗಳು ಲಿಂಡನ ಪ್ರಯೋಗವಾಗಿ 169 ವರ್ಷಗಳ ಮೇಲೆ ಅದೇ ರೋಗದಿಂದ ನರಳಿದರು. ಅವರ ಪಡಿಯಲ್ಲಿ ಆಟಾ ಇತ್ತು, ತುಪ್ಪವಿತ್ತು, ಬೇಳೆಯಿತ್ತು; ತರಕಾರಿ ಮಾತ್ರ ಕಾಗದದ ಮೇಲಿತ್ತು.

ಇದಕ್ಕೆ ಉತ್ತರ ಆ ಪಡಿಯ ಪಕ್ಕದಲ್ಲಿಯೇ ಇದ್ದಿತು. ಮೊಳೆತ ಕಾಳು ಸ್ಕರ್ವಿಯನ್ನು ತಡೆಯುವುದೆಂದು ನಾರ್ವೆಯಲ್ಲಿ 1912ರಲ್ಲಿಯೇ ತೋರಿಸಿದ್ದರು. ಯುದ್ಧಕಾಲದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಂಗಡಿಗರು, ಬಹುಮಟ್ಟಿಗೆ ಮಹಿಳಾ ವಿಜ್ಞಾನಿಗಳೇ, ಇದನ್ನು ಗಿನಿಯಿಲಿಗಳ ಮೇಲೆ ಪರೀಕ್ಷಿಸಿ ದೃಢಪಡಿಸಿದರು. ಒಣ ಕಾಳಿನಲ್ಲಿ ‘ಸಿ’ ಜೀವಸತ್ತ್ವ ಇಲ್ಲವೆನ್ನಬಹುದು. ಅದನ್ನು ಒಂದು ದಿನ ನೆನೆಸಿ, ಒಂದೆರಡು ದಿನ ತೇವದಲ್ಲಿಟ್ಟು ಮೊಳೆಯಿಸಿದರೆ ಅದು ಹೊಸದಾಗಿ ಹುಟ್ಟುತ್ತದೆ. ಆಮೇಲೆ ಬೇಯಿಸುವ ಕಾಲ ಆದಷ್ಟು ಕಡಮೆಯಿರಬೇಕು. 1918ರಲ್ಲಿ ಸರ್ಬಿಯದ ಸೈನಿಕರಿಗೆ ಮೊಳೆತ ಅವರೆಜಾತಿಯ ಕಾಳನ್ನು ಕೊಟ್ಟು ನೋಡಿದಾಗ ಗುಣವು ನಿಂಬೆಯ ರಸಕ್ಕೆ ಕಡಮೆಯಾಗಿರಲಿಲ್ಲ. ಆದರೆ ಮೊಳೆಯುವುದು ಇಡೀ ಕಾಳು. ಒಡೆದ ಬೇಳೆ ಮೊಳೆಯುವುದಿಲ್ಲ. ಕಾಳು ಬೇಳೆಗಳ ಈ ಭೇದವನ್ನು ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದುದಿಲ್ಲ. ಹುರುಳಿಯನ್ನೂ ಹೆಸರನ್ನೂ ಬಟ್ಟೆಯಲ್ಲಿ ಕಟ್ಟಿ ಮೊಳೆಬರಿಸಿ ಸಾರು ಉಸಲಿ ಮಾಡುವ ಪದ್ಧತಿ ನಮ್ಮಲ್ಲಿ ಮನೆಮನೆಯದು. ಸೈನ್ಯದ ಉಗ್ರಾಣಕ್ಕೆ ಮಾತ್ರ ಅದು ತಿಳಿದಿರಲಿಲ್ಲ.

ಸತ್ತ್ವವನ್ನು ಪ್ರತ್ಯೇಕಿಸಿ ಹೆಸರಿಟ್ಟುದು ಆಮೇಲಿನ ಮಾತು. ಹಂಗೆರಿಯ ಸೆಗೆಡ್ ನಗರದಲ್ಲಿ ಸೆಂಟ್-ಗ್ಯೋರ್ಗಿ ಅದನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುದು ಅಲ್ಲಿನ ಪಾಪ್ರಿಕ ಎಂಬ ಮೆಣಸಿನಕಾಯಿಯಿಂದ. 1937ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. ಎಷ್ಟು ಬೇಕೆಂಬುದನ್ನು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1944ರಿಂದ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗ ತೋರಿಸಿತು. ದಿನಕ್ಕೆ 10 ಮಿಲಿಗ್ರಾಂ ಸಿಕ್ಕಿದರೆ ಸ್ಕರ್ವಿ ತಲೆಹಾಕುವುದಿಲ್ಲ. ಪೂರ್ಣ ಆರೋಗ್ಯಕ್ಕೆ ಇದಕ್ಕಿಂತ ಹಲವು ಪಾಲು ಬೇಕೆಂಬುದು ಬೇರೆ ವಿಷಯ. ಹತ್ತು ಮಿಲಿಗ್ರಾಂ ಎಂದರೆ ಬೇಯಿಸಿದ ಒಂದು ಸಾಧಾರಣ ಆಲೂಗಡ್ಡೆ. ನುಗ್ಗೆಸೊಪ್ಪಿನಲ್ಲಿ ನೂರು ಗ್ರಾಮಿಗೆ ನೂರು ಮಿಲಿಗ್ರಾಮಿಗೂ ಹೆಚ್ಚಿದೆ. ಆದರೆ ಸೊಪ್ಪಿನ ಈ ಅಂಕಿ ಹಸಿಯ ಪದಾರ್ಥದ್ದು. ಈ ಸತ್ತ್ವ ನೀರಿನಲ್ಲಿ ಕರಗುತ್ತದೆ, ಕಾವಿಗೂ ಗಾಳಿಗೂ ಕೆಡುತ್ತದೆ, ಸೋಡಾ ಬೆರೆಸಿದರೆ ಬೇಗನೆ ಅಳಿಯುತ್ತದೆ. ಹೆಚ್ಚಿದ ಮೇಲೆ ತೊಳೆದು, ಬೆಳಗಿನಿಂದ ಕುದಿಸಿ, ಬಸಿದ ನೀರನ್ನು ಚೆಲ್ಲಿ, ಮಧ್ಯಾಹ್ನ ಮತ್ತೆ ಬಿಸಿಮಾಡಿ ಬಡಿಸುವ ವಿದ್ಯಾರ್ಥಿನಿಲಯಗಳ ಪಲ್ಯದಲ್ಲಿ ಎಷ್ಟು ಉಳಿಯುವುದೆಂಬುದನ್ನು ಅಲ್ಲಿ ಊಟಮಾಡಿದವರು ಊಹಿಸಬಲ್ಲರು. ಬಸ್ಸಾರು ಮಾಡುವ ನಮ್ಮ ಹಳ್ಳಿಯವರು ಆ ನೀರನ್ನಾದರೂ ಚೆಲ್ಲುವುದಿಲ್ಲ.

ಇದು ಮುಗಿದ ಕಥೆಯಲ್ಲ. 1980ರ ದಶಕದಲ್ಲಿ ಸೊಮಾಲಿಯ ಮತ್ತು ಸೂಡಾನಿನಲ್ಲಿದ್ದ ಇಥಿಯೋಪಿಯದ ನಿರಾಶ್ರಿತರ ಶಿಬಿರಗಳಲ್ಲಿ ಸ್ಕರ್ವಿ ಮತ್ತೆಮತ್ತೆ ಕಾಣಿಸಿಕೊಂಡಿತು. ಅಲ್ಲಿ ಹಂಚುತ್ತಿದ್ದುದು ಮುಖ್ಯವಾಗಿ ಧಾನ್ಯ, ಎಣ್ಣೆ ಮೊದಲಾದ ಒಣ ಪಡಿ. ಶಿಬಿರದಲ್ಲಿ ಹೆಚ್ಚು ತಿಂಗಳು ಕಳೆದವರಲ್ಲಿಯೇ ರೋಗ ಹೆಚ್ಚಾಗಿತ್ತು.