ಅಪ್ಪನ ಆಸ್ತಿ ಬಂದರೆ ಸಾಲವೂ ಬರುತ್ತದೆ

ಪುಣೆಯಲ್ಲಿ ಕೆಲಸ ಮಾಡುತ್ತಿದ್ದಾಗ ನಮ್ಮ ತಂಡ ಬರೆದ ತಂತ್ರಾಂಶದಲ್ಲಿ ಒಂದು ವಿಚಿತ್ರ ತೊಂದರೆ ಕಾಣಿಸಿತು. 'ಅನ್‌ಡು' ಒತ್ತಿದರೆ ಕೊನೆಗೆ ಮಾಡಿದ ಬದಲಾವಣೆ ರದ್ದಾಗಬೇಕು. ಕೆಲವೊಮ್ಮೆ ಹಿಂದಿನದ್ಯಾವುದೋ ರದ್ದಾಗುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ಬದಲಾವಣೆಗಳನ್ನೆಲ್ಲ ಜಾವಾದ 'ಸ್ಟ್ಯಾಕ್' ಎಂಬ ಕ್ಲಾಸಿನಲ್ಲಿ ಇಡುತ್ತಿದ್ದೆವು. ಹೊಸದಾಗಿ ಸೇರಿದ ಹುಡುಗನೊಬ್ಬ ಹೊಸ ಬದಲಾವಣೆಯನ್ನು ಮೇಲಿಡುವ ಬದಲು ತಳಕ್ಕೆ ಸೇರಿಸಿದ್ದ. ಕಂಪೈಲರ್ ತುಟಿಪಿಟಕ್ ಎಂದಿರಲಿಲ್ಲ.

ಎಲ್ಲರೂ ಹುಡುಗನನ್ನು ಬೈದರು. ನಿಜವಾಗಿ ತಪ್ಪು ಅವನು ಶಾಲೆಗೆ ಹೋಗುವ ಮೊದಲೇ ಆಗಿತ್ತು.

ಸ್ಟ್ಯಾಕ್ ಎಂದರೆ ಉಡುಪಿ ಹೋಟೆಲಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳಂತೆ. ಇಡುವುದೂ ಮೇಲೆ, ತೆಗೆಯುವುದೂ ಮೇಲಿನಿಂದ. 1996ರಲ್ಲಿ ಬಂದ ಜಾವಾದ ಮೊದಲ ಆವೃತ್ತಿಯಲ್ಲಿ ಈ ಸ್ಟ್ಯಾಕನ್ನು 'ವೆಕ್ಟರ್' ಎಂಬ ಕ್ಲಾಸಿನ ಮಗುವಾಗಿ ಮಾಡಿದರು. ವೆಕ್ಟರ್ ಒಂದು ಪಟ್ಟಿ. ಅದರಲ್ಲಿ ಎಲ್ಲಿ ಬೇಕಾದರೂ ಸೇರಿಸಬಹುದು, ಎಲ್ಲಿಂದ ಬೇಕಾದರೂ ತೆಗೆಯಬಹುದು. ಬರೆದಿಟ್ಟ ಕೋಡ್ ಪುಕ್ಕಟೆ ಸಿಕ್ಕಿತು, ನಿಜ. ಆದರೆ ಅಪ್ಪನ ಆಸ್ತಿಯ ಜೊತೆ ಸಾಲವೂ ಬಂತು. ನಡುವಿನ ತಟ್ಟೆಯನ್ನು ಎಳೆಯುವ ಅಧಿಕಾರ ಸ್ಟ್ಯಾಕ್ ಬಳಸುವವರಿಗೆಲ್ಲ ಸಿಕ್ಕಿಬಿಟ್ಟಿತು.

ಇಂಥ ಸಂಬಂಧಗಳ ಬಗ್ಗೆ ಬಾರ್ಬರಾ ಲಿಸ್ಕೋವ್ 1987ರಲ್ಲೇ ಒಂದು ಭಾಷಣದಲ್ಲಿ ಹೇಳಿದ್ದರು. ತಾಯಿ ಕ್ಲಾಸ್ ಇರುವ ಕಡೆಯಲ್ಲೆಲ್ಲ ಮಗು ಕ್ಲಾಸನ್ನು ನಿಲ್ಲಿಸಿದರೂ ಕಾರ್ಯಕ್ರಮದ ನಡವಳಿಕೆ ಕೆಡಬಾರದು ಎಂಬುದು ಅದರ ಸಾರ. ವೆಕ್ಟರ್ ಕೇಳುವ ಕಡೆ ಸ್ಟ್ಯಾಕ್ ಕೊಟ್ಟು ನೋಡಿ. ಪಡೆದವನು ನಡುವೆ ಏನನ್ನಾದರೂ ತುರುಕಿದರೆ ಅದು ಅವನ ಹಕ್ಕು. ಕೆಡುವುದು ಸ್ಟ್ಯಾಕಿನ ಶಿಸ್ತು.

ಹಾಗಾದರೆ ದಾರಿ? ಪಟ್ಟಿಯನ್ನು ಅಪ್ಪನನ್ನಾಗಿ ಮಾಡಿಕೊಳ್ಳದೆ ಆಳನ್ನಾಗಿ ಇಟ್ಟುಕೊಳ್ಳುವುದು. ಸ್ಟ್ಯಾಕಿನ ಒಳಗೆ ಒಂದು ಖಾಸಗಿ ಪಟ್ಟಿ ಇರಲಿ. ಹೊರಗಿನವರಿಗೆ ಕಾಣುವುದು ಮೂರೇ ಬಾಗಿಲು: ಮೇಲಿಡು, ಮೇಲಿನದನ್ನು ತೆಗೆ, ಮೇಲೇನಿದೆ ನೋಡು. ಇದಕ್ಕೆ 'ಕಂಪೋಸಿಷನ್' ಎನ್ನುತ್ತಾರೆ. ಇನ್‌ಹೆರಿಟೆನ್ಸ್‌ಗಿಂತ ಇದನ್ನೇ ಮೊದಲು ಯೋಚಿಸಿ ಎಂದು 1994ರ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕ ಹೇಳಿತು. 2001ರಲ್ಲಿ ಜೋಶುವಾ ಬ್ಲಾಕ್ ತಮ್ಮ 'ಎಫೆಕ್ಟಿವ್ ಜಾವಾ'ದಲ್ಲಿ ಇದೇ ಸ್ಟ್ಯಾಕನ್ನು ತಪ್ಪಿಗೆ ಉದಾಹರಣೆಯಾಗಿ ಕೊಟ್ಟರು.

ತಪ್ಪು ಗೊತ್ತಾದರೂ ಜಾವಾದವರು ಅದನ್ನು ತಿದ್ದಲಿಲ್ಲ. ಅದನ್ನೇ ನಂಬಿಕೊಂಡ ಹಳೆಯ ಕೋಡ್ ಎಲ್ಲೆಲ್ಲೂ ಇದೆ. ಸಂಬಂಧ ಕಡಿದರೆ ಅದೆಲ್ಲ ನಿಲ್ಲುತ್ತದೆ. ಅದಕ್ಕೇ 2006ರ ಜಾವಾ 6ರಲ್ಲಿ 'ಡೆಕ್' ಎಂಬ ಬೇರೆ ವ್ಯವಸ್ಥೆ ತಂದರು. ಸ್ಟ್ಯಾಕಿನ ಬದಲು ಅದನ್ನೇ ಬಳಸಿ ಎಂದು ಅಧಿಕೃತ ಕೈಪಿಡಿಯೇ ಹೇಳುತ್ತದೆ.

ನಾವು ಆ ಹುಡುಗನ ಕೈಯಲ್ಲೇ ಮೂರು ಬಾಗಿಲಿನ ಪುಟ್ಟ ಕ್ಲಾಸೊಂದನ್ನು ಬರೆಸಿದೆವು. ಅರ್ಧ ದಿನದ ಕೆಲಸ. ಆಮೇಲೆ ಯಾರಾದರೂ ತಳಕ್ಕೆ ಸೇರಿಸಲು ಹೋದರೆ ಕೋಡ್ ಕಂಪೈಲೇ ಆಗುತ್ತಿರಲಿಲ್ಲ. ನೀವೂ ನಾಳೆ ಆಫೀಸಿನಲ್ಲಿ 'ಎಕ್ಸ್‌ಟೆಂಡ್ಸ್' ಎಂದು ಟೈಪ್ ಮಾಡುವ ಮುನ್ನ ಒಂದು ಕ್ಷಣ ಕೇಳಿಕೊಳ್ಳಿ: ಇದು ನಿಜವಾಗಿ ಅದರ ಮಗುವೋ, ಅಥವಾ ಅದರಿಂದ ಬರೀ ಕೆಲಸ ಆಗಬೇಕಾಗಿದೆಯೋ?