ಬಣ್ಣ ಬೇರೆ, ಮಾತ್ರೆ ಒಂದೇ

ಕಳೆದ ಚಳಿಗಾಲ ನಮ್ಮ ತಾಯಿಯವರು ಊರಿನಿಂದ ಬಂದಿಳಿದಾಗ ಅವರ ಚೀಲದಲ್ಲಿ ಚಟ್ನಿಪುಡಿ, ಹಪ್ಪಳಗಳ ಜೊತೆಗೆ ರಕ್ತದೊತ್ತಡದ ಮಾತ್ರೆಗಳ ದೊಡ್ಡ ಕಟ್ಟೊಂದಿತ್ತು. ಇಲ್ಲಿಯ ವೈದ್ಯರೂ ಚೀಟಿ ಬರೆದರು. ಅಂಗಡಿಯಿಂದ ಕಿತ್ತಳೆ ಬಣ್ಣದ ಡಬ್ಬಿ ಬಂತು. ಕೆಲವು ವಾರಗಳಲ್ಲಿ ಅವರ ಪಾದ ಊದಿಕೊಂಡಿತು, ಎದ್ದು ನಿಂತರೆ ತಲೆಸುತ್ತು. ವಿಚಾರಿಸಿದರೆ ಬೆಳಿಗ್ಗೆ ಊರಿನ ಮಾತ್ರೆ, ರಾತ್ರಿ ಇಲ್ಲಿಯದು! ಎರಡೂ ಅಮ್ಲೋಡಿಪಿನ್ನೇ. "ಬಣ್ಣ ಬೇರೆ, ಹೆಸರೂ ಬೇರೆ. ನನಗೇನು ಗೊತ್ತಪ್ಪಾ?" ಎಂದರು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಪಡೆದ ನಾವು ಅದೇ ಮನೆಯಲ್ಲಿದ್ದೂ ನೋಡಿರಲಿಲ್ಲ.

ಅಂದಿನಿಂದ ಸ್ನೇಹಿತರು ನಮ್ಮನ್ನು ಕೇಳುವುದು ಇನ್ನೊಂದೇ ಪ್ರಶ್ನೆ: ಈ ಅಗ್ಗದ ಜೆನೆರಿಕ್ ಮಾತ್ರೆಗಳನ್ನು ನಂಬಬಹುದೇ?

ಅಮೆರಿಕೆಯಲ್ಲಿ 1984ರ ಕಾಯಿದೆಯ ಪ್ರಕಾರ ಜೆನೆರಿಕ್ ತಯಾರಕರು ಮೂಲ ಔಷಧದ ದೊಡ್ಡ ಪ್ರಯೋಗಗಳನ್ನು ಮತ್ತೆ ಮಾಡಬೇಕಿಲ್ಲ. ಆದರೆ ತಮ್ಮ ಮಾತ್ರೆಯ ಔಷಧ ಅಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತ ಸೇರುತ್ತದೆಂದು ತೋರಿಸಬೇಕು. ಮಿತಿ ಶೇಕಡಾ 80ರಿಂದ 125. ಇದನ್ನು ಕೇಳಿದವರು "ಹಾಗಾದರೆ ಕಾಲು ಭಾಗ ಹೆಚ್ಚುಕಡಿಮೆ ಇರಬಹುದೇ?" ಎಂದು ಹೌಹಾರುತ್ತಾರೆ. ಹಾಗಲ್ಲ. ಸರಾಸರಿಯೊಂದೇ ಅಲ್ಲ, ಅದರ ಸುತ್ತಲಿನ ಅನಿಶ್ಚಿತತೆಯ ಇಡೀ ಪಟ್ಟಿಯೇ ಆ ಮಿತಿಯೊಳಗೆ ಕೂರಬೇಕು; ಆದ್ದರಿಂದ ಸರಾಸರಿ ನೂರರ ಹತ್ತಿರವೇ ಇರಬೇಕಾಗುತ್ತದೆ. 1996ರಿಂದ 2007ರವರೆಗಿನ 2,070 ಅಧ್ಯಯನಗಳನ್ನು ಎಫ್.ಡಿ.ಎ. ಕೂಡಿಸಿ ನೋಡಿದಾಗ ರಕ್ತ ಸೇರುವ ಒಟ್ಟು ಪ್ರಮಾಣದಲ್ಲಿ ಸರಾಸರಿ ವ್ಯತ್ಯಾಸ ಶೇಕಡಾ 3.5ರಷ್ಟಿತ್ತು.

ಹಾಗೆಂದು ಎಲ್ಲವೂ ನಿರ್ದೋಷವಲ್ಲ. ಖಿನ್ನತೆಗೆ ಕೊಡುವ ಬ್ಯುಪ್ರೋಪಿಯಾನಿನ, ನಿಧಾನವಾಗಿ ಕರಗುವ 300 ಮಿಲಿಗ್ರಾಮಿನ ಒಂದು ಜೆನೆರಿಕ್ಕಿಗೆ 150ರ ಪರೀಕ್ಷೆಯ ಆಧಾರದ ಮೇಲೆಯೇ ಒಪ್ಪಿಗೆ ಸಿಕ್ಕಿತ್ತು. ರೋಗಿಗಳು ದೂರುತ್ತಲೇ ಇದ್ದರು. ಕೊನೆಗೆ 300ನ್ನೇ ಪರೀಕ್ಷಿಸಿದಾಗ ಅದು ಸಮವಲ್ಲವೆಂದು 2012ರಲ್ಲಿ ತಿಳಿಯಿತು. 2018ರ ವಾಲ್ಸಾರ್ಟಾನ್ ಪ್ರಕರಣ ನಮ್ಮಂಥ ರಸಾಯನಜ್ಞರ ನಿದ್ದೆ ಕೆಡಿಸುವಂಥದು. ತಯಾರಿಕೆಯ ವಿಧಾನ ಬದಲಿಸಿದಾಗ, ದ್ರಾವಕದಿಂದ ಬಂದ ಡೈಮೀಥೈಲಮೀನ್ ನೈಟ್ರೈಟಿನೊಡನೆ ಸೇರಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಎನ್.ಡಿ.ಎಂ.ಎ. ಉಂಟಾಯಿತು. ವಾಡಿಕೆಯ ಶುದ್ಧತಾ ಪರೀಕ್ಷೆಗಳು ಅದನ್ನು ಹುಡುಕುತ್ತಲೇ ಇರಲಿಲ್ಲ. ಆಗಲೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿರೆಂದೇ ಎಫ್.ಡಿ.ಎ. ಹೇಳಿತು.

ಆದರೂ ನಮ್ಮ ಮನೆಗಳಲ್ಲಿ ಹೆಚ್ಚಿನ ಅಪಾಯ ಇರುವುದು ಹೆಸರುಗಳಲ್ಲಿ ಎಂದು ನಮ್ಮ ಎಣಿಕೆ. ಊರಿನ ಪ್ಯಾರಾಸಿಟಮಾಲ್ ಇಲ್ಲಿ ಅಸಿಟಮಿನೋಫೆನ್. ಸಾಲ್ಬ್ಯುಟಮಾಲ್ ಇಲ್ಲಿ ಆಲ್ಬ್ಯುಟರಾಲ್. ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಇಲ್ಲಿ ಗ್ಲೈಬ್ಯುರೈಡ್. ಜ್ವರಕ್ಕೆ ಊರಿನ ಮಾತ್ರೆ, ಮೈನೋವಿಗೆ ಇಲ್ಲಿಯ ಮಾತ್ರೆ, ಮೇಲೆ ನೆಗಡಿಯ ಔಷಧಿ: ಮೂರರಲ್ಲೂ ಅದೇ ವಸ್ತು ಇರಬಹುದು. ದೊಡ್ಡವರಿಗೂ ದಿನಕ್ಕೆ 4 ಗ್ರಾಮ್ ದಾಟಿದರೆ ಯಕೃತ್ತಿಗೆ ಕೇಡು.

ಕ್ಯಾಲಿಫೋರ್ನಿಯಾದಲ್ಲಿ 2016ರಿಂದ, ಕೇಳಿದವರಿಗೆ ಡಬ್ಬಿಯ ಸೂಚನೆಗಳನ್ನು ಚೀನೀ, ಕೊರಿಯನ್, ರಷ್ಯನ್, ಸ್ಪ್ಯಾನಿಷ್, ವಿಯೆಟ್ನಾಮೀ ಭಾಷೆಗಳಲ್ಲಿ ಕೊಡಬೇಕೆಂದಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ನಾವೇ ತಾಯಿಯವರ ಡಬ್ಬಿಗಳಿಗೆ ದಪ್ಪ ಅಕ್ಷರದ ಚೀಟಿ ಅಂಟಿಸಿದೆವು: ಮೂಲ ಔಷಧದ ಹೆಸರು, ಅದರ ಊರಿನ ಹೆಸರು, ಯಾವ ಕಾಯಿಲೆಗೆ, ಯಾವಾಗ, ಯಾವುದರ ಜೊತೆ ಬೇಡ. ಥೈರಾಯ್ಡ್ ಮಾತ್ರೆಯ ಮೇಲೆ "ಬರಿಹೊಟ್ಟೆಯಲ್ಲಿ, ಕಾಫಿಗೆ ಮೊದಲು, ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ಬಿಟ್ಟು" ಎಂದಿದೆ. ಬರೆದದ್ದನ್ನು ಔಷಧಿ ಅಂಗಡಿಯವರ ಮುಂದೆ ಇಂಗ್ಲಿಷಿನಲ್ಲಿ ಓದಿ ಹೇಳಿ, ಸರಿಯೆನ್ನಿಸಿಕೊಂಡೇ ಅಂಟಿಸಿದ್ದು.

ತಾಯಿಯವರಿಗೆ ಒಂದೇ ಆಕ್ಷೇಪಣೆ: ಕಾಫಿಗೆ ಮೊದಲು ಎಷ್ಟು ಹೊತ್ತು ಕಾಯಬೇಕೆಂದು ನಾವು ಬರೆದಿರಲಿಲ್ಲವಂತೆ. ಈಗ ಬರೆದಿದ್ದೇವೆ, ಅರ್ಧದಿಂದ ಒಂದು ಗಂಟೆ. ಅವರು ಅರ್ಧವನ್ನೇ ಪಾಲಿಸುತ್ತಿದ್ದಾರೆ.