ಎದೆಯ ಗಂಟು, ನಾಟಿ ಮದ್ದು ಮತ್ತು ತವಕ್ಕುಲ್



ಸಅದ್ ಬಿನ್ ಅಬೀ ವಕ್ಕಾಸ್(ರ) ಒಮ್ಮೆ ಕಾಯಿಲೆ ಬಿದ್ದಾಗ ಪ್ರವಾದಿವರ್ಯರು(ಸ) ನೋಡಲು ಬಂದು ಅವರ ಎದೆಯ ಮೇಲೆ ಕೈಯಿಟ್ಟರು. ಬಳಿಕ, ಚಿಕಿತ್ಸೆ ಬಲ್ಲ ಹಾರಿಸ್ ಬಿನ್ ಕಲದಾರ ಬಳಿಗೆ ಹೋಗುವಂತೆ ಹೇಳಿದರು, ಅಜ್ವಾ ಖರ್ಜೂರದ ಮದ್ದನ್ನೂ ಸೂಚಿಸಿದರು. ಅಬೂದಾವೂದ್ ಸಂಗ್ರಹದಲ್ಲಿ ಈ ಹದೀಸ್ ಇದೆ. ಆ ಅನುಗ್ರಹೀತ ಕೈ ಎದೆಯ ಮೇಲಿದ್ದಾಗಲೂ, ಬಲ್ಲವರ ಬಳಿಗೆ ಹೋಗು ಎಂಬ ಮಾತು ಬಂತು. ದುಆ, ಮದ್ದು, ವೈದ್ಯ ಈ ಮೂರೂ ಅಲ್ಲಿ ಜೊತೆಗಿದ್ದವು.

ಸ್ತನ ಕ್ಯಾನ್ಸರ್ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಈ ಮೂರೂ ಬೇರೆಬೇರೆಯಾಗುತ್ತವೆ. ಅಬಲೂರು, ಹಿರೇಕೆರೂರು ಸೀಮೆಯವರಿಗೆ ಪಕ್ಕದ ಶಿವಮೊಗ್ಗ ಜಿಲ್ಲೆ ದೂರವಲ್ಲ. ಅಲ್ಲಿ ಸಾಗರ ತಾಲ್ಲೂಕಿನ ಆನಂದಪುರ ಸಮೀಪದ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಗುರುವಾರ ಮತ್ತು ಭಾನುವಾರ ಮರದ ತೊಗಟೆಯ ಔಷಧಿ ಕೊಡುತ್ತಿದ್ದರು. ಹೊರರಾಜ್ಯದವರೂ ರಾತ್ರಿಯಿಂದಲೇ ಸರತಿಯಲ್ಲಿ ನಿಲ್ಲುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡರು. ಅವರ ಸೇವೆಯನ್ನು ಅಳೆಯುವುದು ಇಲ್ಲಿಯ ಉದ್ದೇಶವಲ್ಲ. ಇಂಥ ಮದ್ದು ತಂದ ಸಹೋದರಿ ಆಸ್ಪತ್ರೆಗೂ ಹೋದಳೇ, ಅಥವಾ ಅದನ್ನೇ ನಂಬಿ ಮನೆಯಲ್ಲಿ ಕುಳಿತಳೇ ಎಂಬುದೇ ಪ್ರಶ್ನೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಪ್ರಶ್ನೆಯನ್ನು ಪರಿಶೀಲಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಇನ್ನೂ ದೂರದ ಅಂಗಗಳಿಗೆ ಹರಡದ ಕ್ಯಾನ್ಸರ್ ಇದ್ದು, ಪರ್ಯಾಯ ಚಿಕಿತ್ಸೆಯನ್ನು ಮಾತ್ರ ಆಯ್ದುಕೊಂಡ 281 ಜನರನ್ನು, ಆಸ್ಪತ್ರೆಯ ಚಿಕಿತ್ಸೆ ಪಡೆದ 560 ಜನರೊಂದಿಗೆ ಹೋಲಿಸಿದರು. ಸ್ತನ ಕ್ಯಾನ್ಸರ್‌ನಲ್ಲಿ ಪರ್ಯಾಯವನ್ನೇ ನೆಚ್ಚಿದವರಿಗೆ ಸಾವಿನ ಅಪಾಯ ಐದು ಪಟ್ಟಿಗೂ ಹೆಚ್ಚಿತ್ತು.

ಹಾಗಾದರೆ 'ಇಂಥವರಿಗೆ ಗುಣವಾಯಿತು' ಎಂಬ ಮಾತುಗಳೆಲ್ಲ ಸುಳ್ಳೇ? ಹೇಳುವವರು ಸುಳ್ಳುಗಾರರೆಂದಲ್ಲ. ಎದೆಯ ಗಂಟುಗಳಲ್ಲಿ ಬಹಳಷ್ಟು ಕ್ಯಾನ್ಸರ್ ಅಲ್ಲ. ಬಯಾಪ್ಸಿ ಮಾಡಿಸದೆ ಮದ್ದು ಕುಡಿದು ಅಂಥ ಗಂಟು ಕರಗಿದರೆ, ಕ್ಯಾನ್ಸರೇ ಕರಗಿತೆಂದು ಸುದ್ದಿಯಾಗುತ್ತದೆ. ಕೆಲವರು ಆಪರೇಷನ್ ಮಾಡಿಸಿಕೊಂಡ ಮೇಲೆ ಮದ್ದು ಸೇವಿಸಿ, ಶ್ರೇಯಸ್ಸನ್ನು ಮದ್ದಿಗೇ ಕೊಡುತ್ತಾರೆ. ಇನ್ನು ನಿಜವಾದ ಕ್ಯಾನ್ಸರ್ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ, ಹಲವು ಬಾರಿ ನಿಧಾನವಾಗಿ ಬೆಳೆಯುತ್ತದೆ. ಮೊದಲ ತಿಂಗಳುಗಳಲ್ಲಿ ಏನೂ ಬದಲಾಗದಿದ್ದರೆ ಮದ್ದು ಹಿಡಿಯಿತೆಂದು ಅನಿಸುತ್ತದೆ. ಗುಣಪಡಿಸಬಹುದಾಗಿದ್ದ ಕಾಲ ಹಾಗೆಯೇ ಕಳೆದುಹೋಗುತ್ತದೆ.

ತೊಗಟೆಯಲ್ಲಿ ಔಷಧಿಯೇ ಇಲ್ಲವೆಂದಲ್ಲ. ಅಲ್ಲಾಹನು ರೋಗದೊಂದಿಗೆ ಅದರ ಶಿಫಾವನ್ನೂ ಇಳಿಸಿದ್ದಾನೆಂಬುದು ಬುಖಾರಿಯ ಹದೀಸ್‌ನ ಸಾರ. 1962ರಲ್ಲಿ ಅಮೆರಿಕದ ವಿಜ್ಞಾನಿಗಳು ಯೂ ಎಂಬ ಮರದ ತೊಗಟೆಯನ್ನು ಸಂಗ್ರಹಿಸಿದರು. ಅದರಿಂದ ಪ್ಯಾಕ್ಲಿಟ್ಯಾಕ್ಸೆಲ್ ದೊರೆಯಿತು. ಎಷ್ಟು ಕೊಟ್ಟರೆ ಗುಣ, ಎಷ್ಟು ಕೊಟ್ಟರೆ ವಿಷ ಎಂದು ವರ್ಷಗಟ್ಟಲೆ ಪರೀಕ್ಷಿಸಿ, 1994ರಲ್ಲಿ ಅಲ್ಲಿ ಸ್ತನ ಕ್ಯಾನ್ಸರ್‌ಗೆ ಅನುಮತಿ ಕೊಟ್ಟರು. ಇಂದು ಕೀಮೋಥೆರಪಿಯಲ್ಲಿ ಅದು ಮುಖ್ಯ ಔಷಧಿ. ಶಿಫಾವನ್ನು ಹುಡುಕುವ ದಾರಿ ಇದು.

ಚಿಕಿತ್ಸೆಯಲ್ಲಿರುವವರು ದುಆ, ಕುರ್‌ಆನ್ ಪಠಣ, ಝಮ್‌ಝಮ್ ಬಿಡಬೇಕಾಗಿಲ್ಲ. ಅವು ಮನಸ್ಸಿಗೆ ಬಲ. ಆದರೆ ಕಷಾಯ, ಕಲೋಂಜಿ ಎಣ್ಣೆ, ಹಿಜಾಮಾ ಏನೇ ಇದ್ದರೂ ಡಾಕ್ಟರಿಗೆ ಹೇಳಿಯೇ ಮಾಡಿ. ಅರಿಶಿನದ ಸಾರದ ಮಾತ್ರೆ ಕೂಡ ಟ್ಯಾಮಾಕ್ಸಿಫೆನ್ ಗುಳಿಗೆಯ ಬಲವನ್ನು ತಗ್ಗಿಸಬಹುದು. ಗಂಟಿನ ಮೇಲೆ ಬರೆ ಹಾಕಿಸುವುದು, ಸುಡುವ ಲೇಪ ಹಚ್ಚುವುದು ಬೇಡವೇ ಬೇಡ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ಬಯಾಪ್ಸಿ ತಪ್ಪಿಸಬೇಡಿ. ಹಯಾ ಅಡ್ಡಬಂದರೆ ಮಹಿಳಾ ಡಾಕ್ಟರನ್ನು ಕೇಳಿ. ಸಿಗದಿದ್ದರೆ ಅಗತ್ಯವಿರುವಷ್ಟು ಮಟ್ಟಿಗೆ ಪುರುಷ ವೈದ್ಯರು ಪರೀಕ್ಷಿಸಲು ಶರೀಅತ್ ಅನುಮತಿ ನೀಡುತ್ತದೆ. ಸಹಾಬಿ ಮಹಿಳೆಯರು ರಣರಂಗದಲ್ಲಿ ಗಾಯಾಳು ಪುರುಷರನ್ನು ಉಪಚರಿಸಿದ್ದು ಬುಖಾರಿಯಲ್ಲಿದೆ.

ಗಂಟು, ಮೊಲೆತೊಟ್ಟು ಒಳಗೆ ಸೇದಿಕೊಳ್ಳುವುದು, ರಕ್ತದ ಸ್ರಾವ, ಚರ್ಮ ಕುಳಿ ಬೀಳುವುದು, ಕಂಕುಳಲ್ಲಿ ಗಡ್ಡೆ ಕಂಡರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ, 1973ರಲ್ಲಿ ಆರಂಭವಾದ ಸಂಸ್ಥೆಯಿದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗೆ ಒಯ್ಯಿರಿ.

ಕೊನೆಯ ಮಾತು ಮನೆಯವರಿಗೆ. ಈಗಾಗಲೇ ತಡಮಾಡಿದ ಸಹೋದರಿಯನ್ನು 'ನೀನೇ ತಂದುಕೊಂಡೆ' ಎಂದು ಚುಚ್ಚಬೇಡಿ. ಖರ್ಚಿನ ಭಯ, ಮಕ್ಕಳ ಚಿಂತೆ, ಕೂದಲು ಉದುರುವ ಸಂಕಟ ಅವಳನ್ನು ತಡೆದಿರಬಹುದು. ತಡವಾದರೂ ಆಸ್ಪತ್ರೆಯಲ್ಲಿ ಅವಳಿಗೆ ಕೊಡಬಹುದಾದ ಚಿಕಿತ್ಸೆ, ನೋವಿಗೆ ಪರಿಹಾರ ಇದೆ. ಗಂಡನಾದವನು, ಮಗನಾದವನು ಅವಳ ಜೊತೆ ಬಸ್ಸು ಹತ್ತಲಿ. ಒಂಟೆಯನ್ನು ಕಟ್ಟಿ ನಂತರ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದ ಪ್ರವಾದಿಯವರ(ಸ) ಸಮುದಾಯ ನಮ್ಮದು.

ಅಲ್ಲಾಹನು ನಮ್ಮ ರೋಗಿಗಳಿಗೆಲ್ಲ ಪೂರ್ಣ ಶಿಫಾ ನೀಡಲಿ. ಆಮೀನ್.